ರಾಬರ್ಟ್ ಕಾಖ್ ಮತ್ತು ಮೇಣದ ಕವಚ

ಕ್ಷಯ ಎಂಬ ಮಾತಿಗೆ ಸವೆಯುವುದು, ಕುಗ್ಗುವುದು ಎಂದು ಅರ್ಥ. ಕೃಷ್ಣಪಕ್ಷದ ಚಂದ್ರನು ದಿನದಿನಕ್ಕೆ ಕರಗುವಂತೆ ಮನುಷ್ಯನ ದೇಹವನ್ನು ಕರಗಿಸುವ ರೋಗಕ್ಕೆ ನಮ್ಮ ಹಿರಿಯರು ಈ ಹೆಸರನ್ನಿಟ್ಟರು. ದಕ್ಷನ ಶಾಪದಿಂದ ಚಂದ್ರನಿಗೇ ಈ ರೋಗವು ತಗುಲಿತೆಂಬ ಪುರಾಣಕಥೆಯುಂಟು. ಆದುದರಿಂದಲೇ ಇದಕ್ಕೆ ರಾಜಯಕ್ಷ್ಮವೆಂಬ ಹೆಸರೂ ಬಂದಿತು. ನಮ್ಮ ದೇಶದಲ್ಲಿ ಮಾತ್ರವಲ್ಲ, ಯುರೋಪಿನಲ್ಲಿಯೂ ಇದು ಮನೆಮನೆಯ ಮೃತ್ಯುವಾಗಿದ್ದಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಸಾಯುತ್ತಿದ್ದ ಏಳು ಜನರಲ್ಲಿ ಒಬ್ಬರು ಕ್ಷಯದಿಂದ ಸಾಯುತ್ತಿದ್ದರೆಂದು ಅಂದಿನ ಲೆಕ್ಕಗಳು ಹೇಳುತ್ತವೆ. ಅದು ತಂದೆತಾಯಿಗಳಿಂದ ಮಕ್ಕಳಿಗೆ ಇಳಿದು ಬರುವ ದೋಷವೆಂದು ಕೆಲವರು, ಕೆಟ್ಟ ಗಾಳಿಯ ಫಲವೆಂದು ಕೆಲವರು, ಹಸಿವಿನ ಫಲವೆಂದು ಮತ್ತೆ ಕೆಲವರು ನಂಬಿದ್ದರು. ಅದರ ನಿಜವಾದ ಕಾರಣವನ್ನು ಮೊಟ್ಟಮೊದಲು ಕಣ್ಣಾರೆ ಕಂಡು ಜಗತ್ತಿಗೂ ತೋರಿಸಿಕೊಟ್ಟವನು ಜರ್ಮನಿಯ ವೈದ್ಯ ರಾಬರ್ಟ್ ಕಾಖ್.

ಕಾಖ್ ಹುಟ್ಟಿದ್ದು ೧೮೪೩ನೆಯ ಇಸವಿ ಡಿಸೆಂಬರ್ ೧೧ರಂದು, ಹಾರ್ಟ್ಸ್ ಪರ್ವತಸೀಮೆಯ ಕ್ಲೌಸ್ಟಾಲ್ ಎಂಬ ಊರಿನಲ್ಲಿ. ಆ ಊರಿಗೆ ಗಣಿಗಳೇ ಜೀವನಾಧಾರ. ತಂದೆಯು ಗಣಿಯ ಅಧಿಕಾರಿ, ಮನೆತುಂಬ ಮಕ್ಕಳು. ಐದು ವರ್ಷ ತುಂಬುವ ವೇಳೆಗೆ ಬಾಲಕನು ವೃತ್ತಪತ್ರಿಕೆಗಳ ನೆರವಿನಿಂದ ತಾನಾಗಿಯೇ ಓದಲು ಕಲಿತು ಮನೆಯವರನ್ನು ಬೆರಗುಗೊಳಿಸಿದನೆಂದು ಹೇಳುತ್ತಾರೆ. ಅವನಿಗೆ ದೂರದೇಶಗಳನ್ನು ಸುತ್ತಬೇಕೆಂಬ ಹಂಬಲವಿದ್ದಿತು. ಆದರೆ ಗಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಾಸಮಾಡಿ ೧೮೬೬ರಲ್ಲಿ ಪದವಿಯನ್ನು ಪಡೆದ ಮೇಲೆ ಸಂಸಾರದ ಹೊಣೆಯು ಅವನನ್ನು ಸಣ್ಣಪುಟ್ಟ ಊರುಗಳಲ್ಲಿಯೇ ಕಟ್ಟಿಹಾಕಿತು. ಮರುವರ್ಷ ಎಮ್ಮಿ ಫ್ರಾಟ್ಸ್ ಎಂಬ ಕನ್ಯೆಯೊಡನೆ ಅವನ ವಿವಾಹವಾಯಿತು. ಗಟಿಂಗೆನ್ನಿನಲ್ಲಿ ಅವನಿಗೆ ಪಾಠ ಹೇಳಿದವರಲ್ಲಿ ಯಾಕೊಬ್ ಹೆನ್ಲೆ ಎಂಬ ಪ್ರಾಧ್ಯಾಪಕನು ಸೋಂಕುರೋಗಗಳಿಗೆ ಸಜೀವವಾದ ಸೂಕ್ಷ್ಮವಸ್ತುಗಳೇ ಕಾರಣವಿರಬೇಕೆಂದು ಬಹು ಹಿಂದೆಯೇ ವಾದಿಸಿದ್ದನು. ಆದರೆ ವಾದವು ಪ್ರಮಾಣವಲ್ಲ. ಆ ಪ್ರಮಾಣವನ್ನು ಒದಗಿಸುವ ಕೆಲಸವು ಶಿಷ್ಯನಿಗಾಗಿ ಕಾದಿದ್ದಿತು.

೧೮೭೨ರಲ್ಲಿ ಕಾಖನು ಇಂದು ಪೋಲೆಂಡ್ ದೇಶಕ್ಕೆ ಸೇರಿರುವ ವೋಲ್‌ಸ್ಟೈನ್ ಎಂಬ ಚಿಕ್ಕ ಪಟ್ಟಣಕ್ಕೆ ಜಿಲ್ಲಾ ವೈದ್ಯಾಧಿಕಾರಿಯಾಗಿ ಬಂದನು. ಹಗಲೆಲ್ಲ ರೋಗಿಗಳ ಶುಶ್ರೂಷೆ, ಹಳ್ಳಿಹಳ್ಳಿಗೆ ಗಾಡಿಯ ಪ್ರಯಾಣ. ಅಲ್ಲಿ ಗ್ರಂಥಭಂಡಾರವಿರಲಿಲ್ಲ, ಪ್ರಯೋಗಾಲಯವಿರಲಿಲ್ಲ, ಚರ್ಚಿಸುವುದಕ್ಕೆ ವಿದ್ವಾಂಸರಿರಲಿಲ್ಲ. ಇದ್ದದ್ದು ಒಂದು ಒಳ್ಳೆಯ ಸೂಕ್ಷ್ಮದರ್ಶಕ. ರೋಗಿಗಳನ್ನು ನೋಡುವ ಕೋಣೆಯಲ್ಲಿ ಅಡ್ಡಪರದೆಯನ್ನು ಕಟ್ಟಿ ಅದರ ಹಿಂದೆ ಅವನು ತನ್ನ ಪುಟ್ಟ ಪ್ರಯೋಗಶಾಲೆಯನ್ನು ಹೂಡಿದನು.

ಆ ಸೀಮೆಯ ದನಕುರಿಗಳು ಆಂಥ್ರಾಕ್ಸ್ ಎಂಬ ರೋಗದಿಂದ ಗುಂಪುಗುಂಪಾಗಿ ಸಾಯುತ್ತಿದ್ದುವು. ನಮ್ಮ ರೈತರು ನೆರಡಿ ಎಂದು ಕರೆಯುವ ರೋಗವೇ ಇದು. ಸತ್ತ ಪಶುಗಳ ರಕ್ತದಲ್ಲಿ ಕಡ್ಡಿಯಂತಹ ವಸ್ತುಗಳಿರುವುದನ್ನು ಇತರರೂ ಕಂಡಿದ್ದರು. ಅವು ರೋಗದ ಕಾರಣವೋ, ರೋಗದ ಪರಿಣಾಮವೋ ಎಂಬುದು ಮಾತ್ರ ಇತ್ಯರ್ಥವಾಗಿರಲಿಲ್ಲ. ಕಾಖನು ಮರದ ಸಣ್ಣ ಸಿಬಿರುಗಳಿಗೆ ಆ ರಕ್ತವನ್ನು ಸವರಿ ಇಲಿಗಳ ಮೈಗೆ ಚುಚ್ಚಿದನು. ಎತ್ತಿನ ಕಣ್ಣಿನೊಳಗಣ ತಿಳಿನೀರಿನಲ್ಲಿ ಆ ಕಡ್ಡಿಗಳನ್ನು ಬೆಳೆಸಿದನು. ಅವು ಉದ್ದವಾದ ಎಳೆಗಳಾಗಿ ಬೆಳೆಯುವುದನ್ನೂ, ಅನುಕೂಲ ತಪ್ಪಿದಾಗ ಬೀಜಾಣುಗಳಾಗಿ ಮಾರ್ಪಡುವುದನ್ನೂ, ಆ ಬೀಜಾಣುಗಳು ಮತ್ತೆ ಕಡ್ಡಿಗಳಾಗಿ ಮೊಳೆಯುವುದನ್ನೂ ಗಂಟೆಗಟ್ಟಲೆ ಕುಳಿತು ನೋಡಿದನು. ಹಲವು ಪೀಳಿಗೆಗಳವರೆಗೆ ದೇಹದ ಹೊರಗೆ ಬೆಳೆಸಿದ ಮೇಲೆಯೂ ಅವು ಇಲಿಗೆ ಅದೇ ರೋಗವನ್ನು ತರುತ್ತಿದ್ದುವು. ೧೮೭೬ರಲ್ಲಿ ಅವನು ತನ್ನ ಸಾಮಗ್ರಿಗಳನ್ನೆಲ್ಲ ಕಟ್ಟಿಕೊಂಡು ಬ್ರೆಸ್ಲೌ ನಗರಕ್ಕೆ ಹೋಗಿ, ಫರ್ಡಿನಾಂಡ್ ಕೋನ್ ಎಂಬ ಪ್ರಸಿದ್ಧ ಸಸ್ಯಶಾಸ್ತ್ರಜ್ಞನ ಎದುರಿನಲ್ಲಿ ಎಲ್ಲವನ್ನೂ ಮಾಡಿ ತೋರಿಸಿದನು. ಹೆಸರಿಲ್ಲದ ಹಳ್ಳಿವೈದ್ಯನು ಕೆಲವೇ ದಿನಗಳಲ್ಲಿ ವಿದ್ವತ್ ಪ್ರಪಂಚದ ಗಮನವನ್ನು ಸೆಳೆದನು. ೧೮೮೦ರಲ್ಲಿ ಬರ್ಲಿನ್ನಿನ ಸಾಮ್ರಾಜ್ಯ ಆರೋಗ್ಯ ಕಚೇರಿಯು ಅವನನ್ನು ಬರಮಾಡಿಕೊಂಡಿತು.

ಬರ್ಲಿನ್ನಿನಲ್ಲಿ ಅವನು ಕೈಗೊಂಡ ಮೊದಲ ಕೆಲಸವೆಂದರೆ ಬಗೆಬಗೆಯ ರೋಗಾಣುಗಳನ್ನು ಬೇರೆಬೇರೆಯಾಗಿ ಬೆಳೆಸುವ ವಿಧಾನವನ್ನು ಕಂಡುಕೊಳ್ಳುವುದು. ದ್ರವದಲ್ಲಿ ಅವು ಒಂದರೊಡನೊಂದು ಬೆರೆತುಹೋಗುತ್ತವೆ. ಬೇಯಿಸಿದ ಆಲೂಗಡ್ಡೆಯ ಹೋಳಿನ ಮೇಲೆ ಬಗೆಬಗೆಯ ಬಣ್ಣದ ಚುಕ್ಕೆಗಳು ಬೇರೆಬೇರೆಯಾಗಿ ಏಳುವುದನ್ನು ಕಾಖನು ನೋಡಿದನು. ಒಂದೊಂದು ಚುಕ್ಕೆಯೂ ಒಂದೊಂದು ಕುಲ! ಗಟ್ಟಿಯಾದ ನೆಲದಲ್ಲಿ ಬಿತ್ತಿದರೆ ಪೈರು ಬೆರೆಯದೆಂಬ ತತ್ತ್ವವು ಹೀಗೆ ದೊರೆಯಿತು. ಮೊದಲು ಜೆಲಟಿನ್ನನ್ನು ಬಳಸಿದರು. ದೇಹದ ಶಾಖದಲ್ಲಿ ಅದು ಕರಗಿಹೋಗುತ್ತಿದ್ದಿತು. ಅವನ ಸಹಾಯಕನಾಗಿದ್ದ ಹೆಸ್ಸೆ ಎಂಬುವನ ಪತ್ನಿ ಫ್ಯಾನಿಯು ಅಡಿಗೆಮನೆಯಲ್ಲಿ ಹಣ್ಣಿನ ಪಾಕವನ್ನು ಗಟ್ಟಿಮಾಡಲು ಕಡಲಪಾಚಿಯಿಂದ ತೆಗೆದ ಅಗರ್ ಎಂಬ ಪದಾರ್ಥವನ್ನು ಬಳಸುತ್ತಿದ್ದಳು. ಆಕೆಯ ಸೂಚನೆಯಂತೆ ಅದು ಪ್ರಯೋಗಶಾಲೆಯನ್ನು ಪ್ರವೇಶಿಸಿತು. ಇಂದಿಗೂ ಜಗತ್ತಿನ ಎಲ್ಲ ಪ್ರಯೋಗಶಾಲೆಗಳಲ್ಲಿಯೂ ಅದೇ ಬಳಕೆಯಲ್ಲಿದೆ.

೧೮೮೧ರ ಆಗಸ್ಟ್ ತಿಂಗಳಿನಲ್ಲಿ ಕಾಖನು ಕ್ಷಯದ ಕಡೆಗೆ ತಿರುಗಿದನು. ಕ್ಷಯವು ಸೋಂಕುರೋಗವೆಂಬುದನ್ನು ಫ್ರಾನ್ಸಿನ ವಿಲ್ಮ್ಯಾ ಎಂಬ ವೈದ್ಯನು ಮೊಲಗಳ ಮೇಲಿನ ಪ್ರಯೋಗದಿಂದ ಆಗಲೇ ತೋರಿಸಿದ್ದನು. ಆದರೆ ರೋಗಿಯ ಶ್ವಾಸಕೋಶದ ಗಂಟುಗಳನ್ನು ಎಷ್ಟು ಸೀಳಿ ನೋಡಿದರೂ ಸೂಕ್ಷ್ಮದರ್ಶಕದ ಕೆಳಗೆ ಏನೂ ಕಾಣುತ್ತಿರಲಿಲ್ಲ. ಇತರ ರೋಗಾಣುಗಳು ಬಣ್ಣದ ನೀರಿನಲ್ಲಿ ಅದ್ದಿದೊಡನೆಯೇ ಬಣ್ಣವನ್ನು ಹೀರಿ ಎದ್ದು ಕಾಣುವುವು. ಇಲ್ಲಿ ಹಾಗಾಗಲಿಲ್ಲ. ಕಾಖನು ಒಂದಾದ ಮೇಲೊಂದು ಬಣ್ಣವನ್ನು ಪ್ರಯತ್ನಿಸಿದನು. ಕೊನೆಗೆ ಮೆಥಿಲೀನ್ ನೀಲಿಗೆ ಸ್ವಲ್ಪ ಕ್ಷಾರವನ್ನು ಬೆರೆಸಿ, ಅದರಲ್ಲಿ ಒಂದು ಇಡೀ ದಿನ ನೆನೆಯಿಸಿಟ್ಟು, ಬಳಿಕ ಕಂದುಬಣ್ಣದ ಇನ್ನೊಂದು ದ್ರವದಿಂದ ತೊಳೆದನು. ಸುತ್ತಲಿನ ಮಾಂಸವೆಲ್ಲ ಕಂದಾಗಿ, ಅದರ ನಡುವೆ ತುಸು ಬಾಗಿದ ನೀಲಿ ಕಡ್ಡಿಗಳು ಕಂಡುವು. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಎರಡು ಮೂರು ಭಾಗದಷ್ಟು ಉದ್ದ ಅವುಗಳದು.

ಕಂಡರೆ ಸಾಲದು, ಬೆಳೆಸಬೇಕು. ಕಾಖನು ಪಶುಗಳ ರಕ್ತದ ತಿಳಿಯನ್ನು ಬಿಸಿಮಾಡಿ ಗಟ್ಟಿಗೊಳಿಸಿ ಅದರ ಮೇಲೆ ಬಿತ್ತಿ, ದೇಹದ ಶಾಖದಲ್ಲಿ ಕಾಪಾಡಿದನು. ಬೇರೆ ಅಣುಜೀವಿಗಳಾದರೆ ಒಂದೆರಡು ದಿನದಲ್ಲಿ ಮೇಲೇಳುವುವು. ಇವುಗಳ ಸುಳಿವೇ ಇಲ್ಲ. ಒಂದು ವಾರ ಕಳೆಯಿತು. ಇನ್ನೊಬ್ಬನಾಗಿದ್ದರೆ ಕೊಳವೆಗಳನ್ನು ಎಸೆದುಬಿಡುತ್ತಿದ್ದನು. ಎರಡನೆಯ ವಾರದಲ್ಲಿ ಒಣಗಿದ ಪೊರೆಯಂತಹ ಸಣ್ಣ ಚುಕ್ಕೆಗಳು ಮೂಡಿದುವು. ಅನೇಕ ಅಣುಜೀವಿಗಳು ಇಪ್ಪತ್ತು ನಿಮಿಷಕ್ಕೊಮ್ಮೆ ಇಬ್ಭಾಗವಾದರೆ, ಕ್ಷಯಾಣುವಿಗೆ ಸುಮಾರು ಒಂದು ದಿನವೇ ಬೇಕೆಂಬುದು ಇಂದು ನಮಗೆ ತಿಳಿದಿದೆ. ಹೀಗೆ ಬೆಳೆಸಿದ ಅಣುಗಳನ್ನು ಗಿನಿಯಿಲಿಗಳಿಗೆ ಚುಚ್ಚಿದಾಗ ಅವುಗಳಿಗೂ ಕ್ಷಯ ಬಂದಿತು. ಅವುಗಳ ಗಂಟುಗಳಿಂದ ಅದೇ ಅಣುವು ಮತ್ತೆ ದೊರೆಯಿತು.

೧೮೮೨ನೆಯ ಇಸವಿ ಮಾರ್ಚ್ ೨೪ರ ಸಂಜೆ ಬರ್ಲಿನ್ನಿನ ಶರೀರಶಾಸ್ತ್ರ ಸಂಘದ ಸಭೆಯಲ್ಲಿ ಕಾಖನು ಈ ಸಂಗತಿಯನ್ನು ನಿವೇದಿಸಿದನು. ಅವನು ವಾಗ್ಮಿಯಲ್ಲ. ತಗ್ಗಿದ ದನಿಯಲ್ಲಿ, ತಡೆದು ತಡೆದು ಮಾತನಾಡಿದನು. ಆದರೆ ಸೂಕ್ಷ್ಮದರ್ಶಕಗಳನ್ನೂ ಕೊಳವೆಗಳನ್ನೂ ತಂದು ಮೇಜಿನ ಮೇಲೆ ಸಾಲಾಗಿ ಜೋಡಿಸಿದ್ದನು. ಭಾಷಣವು ಮುಗಿದಾಗ ಚಪ್ಪಾಳೆಯಿಲ್ಲ, ಪ್ರಶ್ನೆಯಿಲ್ಲ. ಸಭಿಕರು ಒಬ್ಬೊಬ್ಬರಾಗಿ ಎದ್ದು ಬಂದು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ನೋಡಿದರು.

ಆ ಸಭೆಯಲ್ಲಿ ಪೌಲ್ ಎರ್ಲಿಖ್ ಎಂಬ ತರುಣ ವೈದ್ಯನೂ ಇದ್ದನು. ಅವನು ಬಣ್ಣದ ವಿಧಾನವನ್ನು ಕೂಡಲೆ ಸುಧಾರಿಸಿದನು. ಜೊತೆಗೆ ಒಂದು ವಿಚಿತ್ರವನ್ನೂ ಕಂಡನು. ಕ್ಷಯಾಣುವು ಬಣ್ಣವನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆದರೆ ಒಮ್ಮೆ ಹೀರಿದ ಬಣ್ಣವನ್ನು ಆಮ್ಲದಿಂದ ತೊಳೆದರೂ ಬಿಟ್ಟುಕೊಡುವುದಿಲ್ಲ. ಈ ಹಟಕ್ಕೆ ಕಾರಣ ಅದರ ಹೊದಿಕೆ. ಕ್ಷಯಾಣುವಿನ ಮೈಮೇಲೆ ಕೊಬ್ಬಿನ ಜಾತಿಯ, ಮೇಣದಂತಹ ದಪ್ಪ ಕವಚವಿದೆ. ಅದರಲ್ಲಿ ಮುಖ್ಯವಾದುದು ಮೈಕೋಲಿಕ್ ಆಮ್ಲ. ಇಂಗಾಲದ ಅರುವತ್ತರಿಂದ ತೊಂಬತ್ತು ಪರಮಾಣುಗಳು ಅದರ ಒಂದೊಂದು ಅಣುವಿನಲ್ಲಿರುತ್ತವೆ. ನಮ್ಮ ಅಡಿಗೆಯ ಎಣ್ಣೆಯಲ್ಲಿರುವ ಕೊಬ್ಬಿನ ಆಮ್ಲಗಳಲ್ಲಿ ಸಾಮಾನ್ಯವಾಗಿ ಹದಿನಾರು ಅಥವಾ ಹದಿನೆಂಟು ಮಾತ್ರ. ಕೆಸುವಿನ ಎಲೆಯ ಮೇಲೆ ನೀರು ನಿಲ್ಲದೆ ಜಾರುವಂತೆ, ಬಣ್ಣಗಳೂ ಹಲವು ಔಷಧಗಳೂ ಈ ಕವಚದ ಮೇಲೆ ಜಾರಿಹೋಗುತ್ತವೆ. ಕಾಖನನ್ನು ತಿಂಗಳುಗಟ್ಟಲೆ ಸತಾಯಿಸಿದ್ದು ಈ ಮೇಣವೇ. ಮುಂದೆ ಎರ್ಲಿಖನು ತನಗೇ ಕ್ಷಯ ತಗುಲಿದೆಯೆಂಬುದನ್ನು ತನ್ನ ಕಫದಲ್ಲಿ ಈ ಅಣುಗಳನ್ನು ಕಂಡು ತಿಳಿದುಕೊಂಡನು.

ಮರುವರ್ಷ ಕಾಖನ ಬಾಲ್ಯದ ಹಂಬಲವು ಕೈಗೂಡಿತು. ಈಜಿಪ್ಟಿನಲ್ಲಿ ಕಾಲರಾ ಹಬ್ಬಿದಾಗ ಜರ್ಮನ್ ಸರ್ಕಾರವು ಅವನನ್ನು ಅಲ್ಲಿಗೆ ಕಳುಹಿಸಿತು. ಅಲ್ಲಿ ರೋಗವು ಇಳಿಮುಖವಾದುದರಿಂದ ಅವನು ಅದರ ತವರನ್ನು ಅರಸಿಕೊಂಡು ೧೮೮೩ರ ಡಿಸೆಂಬರಿನಲ್ಲಿ ನಮ್ಮ ದೇಶದ ಕಲ್ಕತ್ತೆಗೆ ಬಂದನು. ರೋಗಿಗಳ ಕರುಳಿನಲ್ಲಿಯೂ, ಜನರು ಕುಡಿಯಲು ಬಳಸುತ್ತಿದ್ದ ಕೆರೆಯ ನೀರಿನಲ್ಲಿಯೂ ಅಲ್ಪವಿರಾಮ ಚಿಹ್ನೆಯಂತೆ ಬಾಗಿದ ಅಣುವನ್ನು ಅವನು ತೋರಿಸಿಕೊಟ್ಟನು. ೧೮೮೪ರಲ್ಲಿ ತಾಯ್ನಾಡಿಗೆ ಮರಳಿದಾಗ ಯುದ್ಧವನ್ನು ಗೆದ್ದು ಬಂದ ಸೇನಾಪತಿಗೆ ದೊರೆಯುವಂತಹ ಸ್ವಾಗತವು ಅವನಿಗೆ ದೊರೆಯಿತು.

ಕೀರ್ತಿಯು ಶಿಖರವನ್ನು ಮುಟ್ಟಿದಾಗಲೇ ಅವನ ಬಾಳಿನ ಕಠಿಣ ಪರೀಕ್ಷೆಯು ಬಂದಿತು. ೧೮೯೦ರ ಆಗಸ್ಟಿನಲ್ಲಿ ಬರ್ಲಿನ್ನಿನಲ್ಲಿ ಅಂತರರಾಷ್ಟ್ರೀಯ ವೈದ್ಯ ಸಮ್ಮೇಳನವು ನಡೆಯಿತು. ಅಲ್ಲಿ ಕಾಖನು, ಗಿನಿಯಿಲಿಗಳಲ್ಲಿ ಕ್ಷಯದ ಬೆಳವಣಿಗೆಯನ್ನು ತಡೆಯಬಲ್ಲ ಒಂದು ಪದಾರ್ಥವು ತನಗೆ ದೊರೆತಿದೆಯೆಂದು ಪ್ರಕಟಿಸಿದನು. ನವೆಂಬರಿನಲ್ಲಿ ಅದನ್ನು ಮನುಷ್ಯರಿಗೂ ಕೊಡಲಾಯಿತು. ಅದರ ಹೆಸರು ಟ್ಯೂಬರ್ಕುಲಿನ್. ಸುದ್ದಿ ಹಬ್ಬಿದೊಡನೆ ದೇಶದೇಶಗಳಿಂದ ರೋಗಿಗಳು ಬರ್ಲಿನ್ನಿಗೆ ಧಾವಿಸಿದರು. ಬದುಕುವ ಆಸೆಯನ್ನೇ ಬಿಟ್ಟಿದ್ದವರು ತಮ್ಮ ಉಳಿದ ಹಣವನ್ನೆಲ್ಲ ಕೂಡಿಸಿಕೊಂಡು ಬಂದಿದ್ದರು. ವಸತಿಗೃಹಗಳಲ್ಲಿ ಸ್ಥಳವಿಲ್ಲದಂತಾಯಿತು. ಆದರೆ ಔಷಧವು ಫಲಿಸಲಿಲ್ಲ. ಚುಚ್ಚಿದ ಕೆಲವೇ ಗಂಟೆಗಳಲ್ಲಿ ರೋಗಿಗಳಿಗೆ ವಿಪರೀತ ಜ್ವರ ಬರುತ್ತಿದ್ದಿತು, ಕೆಲವರ ರೋಗವು ಉಲ್ಬಣಿಸಿತು, ಕೆಲವರು ಮೃತಪಟ್ಟರು. ರುಡಾಲ್ಫ್ ವಿರ್ಖೋ ಎಂಬ ಹಿರಿಯ ವೈದ್ಯನು ಮೃತರ ದೇಹಗಳನ್ನು ಪರೀಕ್ಷಿಸಿ, ರೋಗವು ಹೊಸ ಹೊಸ ಕಡೆಗಳಿಗೆ ಹರಡಿರುವುದನ್ನು ತೋರಿಸಿದನು. ಅದುವರೆಗೆ ಕಾಖನು ಔಷಧದ ತಯಾರಿಕೆಯನ್ನು ಗುಟ್ಟಾಗಿ ಇಟ್ಟಿದ್ದನು. ೧೮೯೧ರಲ್ಲಿ, ಅದು ಕ್ಷಯಾಣುಗಳನ್ನು ಬೆಳೆಸಿ ಗ್ಲಿಸರಿನ್ನಿನಲ್ಲಿ ತೆಗೆದ ಸಾರವೆಂಬುದನ್ನು ಅವನು ಬಹಿರಂಗಪಡಿಸಬೇಕಾಯಿತು.

ಹೀಗೇಕಾಯಿತು? ಸರ್ಕಾರವು ಆತುರಪಡಿಸಿತೆಂದು ಕೆಲವರು ಹೇಳುತ್ತಾರೆ; ಲಾಭದ ಲೆಕ್ಕಾಚಾರವೂ ಇದ್ದಿತೆಂದು ಚರಿತ್ರಕಾರರು ತೋರಿಸಿದ್ದಾರೆ. ಅವನು ಔಷಧವನ್ನು ಮೊದಲು ತನ್ನ ತೋಳಿಗೇ ಚುಚ್ಚಿಕೊಂಡು ತೀವ್ರವಾದ ಜ್ವರವನ್ನು ಅನುಭವಿಸಿದ್ದನೆಂಬುದೂ ನಿಜ. ಅವನಲ್ಲಿ ಧೈರ್ಯಕ್ಕೆ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ಹಳೆಯ ಸಂದೇಹಬುದ್ಧಿಗೆ. ಕ್ಷಯಾಣುವನ್ನು ಹುಡುಕುವಾಗ ಅವನು ತನ್ನ ಕಣ್ಣನ್ನೇ ನಂಬದೆ, ಒಂದು ಪ್ರಮಾಣದ ಮೇಲೆ ಮತ್ತೊಂದು ಪ್ರಮಾಣವನ್ನು ಕೇಳಿದ್ದನು. ಔಷಧದ ವಿಷಯದಲ್ಲಿ ಆ ಪ್ರಮಾಣಗಳು ದೊರೆಯುವ ಮೊದಲೇ ನಂಬಿದನು. ಆ ನಂಬಿಕೆಯ ಬೆಲೆಯನ್ನು ತೆತ್ತವರು ರೋಗಿಗಳು.

ಹಾಗಾದರೆ ಟ್ಯೂಬರ್ಕುಲಿನ್ ಕೇವಲ ಭ್ರಾಂತಿಯೆ? ಅಲ್ಲ. ಕಾಖನ ವ್ಯಾಖ್ಯಾನವು ತಪ್ಪಾಗಿದ್ದರೂ ಅವನು ಕಂಡದ್ದು ಸತ್ಯವಾಗಿದ್ದಿತು. ಆರೋಗ್ಯವಾಗಿರುವ ಗಿನಿಯಿಲಿಗೆ ಕ್ಷಯಾಣುವನ್ನು ಚುಚ್ಚಿದರೆ ಆ ಜಾಗದಲ್ಲಿ ಹತ್ತು ಹದಿನಾಲ್ಕು ದಿನಗಳಾದ ಮೇಲೆ ಗಂಟೆದ್ದು, ಅದು ಸಾಯುವವರೆಗೂ ಮಾಯದ ಹುಣ್ಣಾಗುವುದು. ಈಗಾಗಲೇ ಕ್ಷಯ ಹಿಡಿದಿರುವ ಗಿನಿಯಿಲಿಗೆ ಮತ್ತೊಮ್ಮೆ ಚುಚ್ಚಿದರೆ ಒಂದೆರಡು ದಿನಗಳಲ್ಲಿಯೇ ಅಲ್ಲಿನ ಚರ್ಮವು ಗಡುಸಾಗಿ, ಕಪ್ಪಾಗಿ ಕಳಚಿಬಿದ್ದು, ಗಾಯವು ಬೇಗನೆ ಮಾಯುವುದು. ಎಂದರೆ ದೇಹವು ತನ್ನ ಹಳೆಯ ಶತ್ರುವನ್ನು ಗುರುತಿಸಿತು! ಈ ಗುರುತನ್ನು ಕಾಖನು ಚಿಕಿತ್ಸೆಯೆಂದು ಭಾವಿಸಿದನು. ೧೯೦೭ರಲ್ಲಿ ವಿಯೆನ್ನಾದ ಪಿರ್ಕೆ ಎಂಬ ವೈದ್ಯನು ಅದನ್ನು ಪರೀಕ್ಷೆಯಾಗಿ ಮಾರ್ಪಡಿಸಿದನು. ಮರುವರ್ಷ ಫ್ರಾನ್ಸಿನ ಮಾಂಟೂ ಅದನ್ನು ಉತ್ತಮಗೊಳಿಸಿದನು. ಮುಂಗೈಯ ಚರ್ಮದೊಳಕ್ಕೆ ಒಂದು ತೊಟ್ಟು ಟ್ಯೂಬರ್ಕುಲಿನ್ ಚುಚ್ಚಿ, ಎರಡು ಮೂರು ದಿನಗಳ ಮೇಲೆ ಊತವನ್ನು ಅಳೆಯುವ ಮಾಂಟೂ ಪರೀಕ್ಷೆಯು ಇಂದಿಗೂ ಬಳಕೆಯಲ್ಲಿದೆ.

ಗುರುತಿಸುವವರು ಯಾರು ಎಂಬ ಪ್ರಶ್ನೆ ಉಳಿಯಿತು. ೧೯೪೫ರಲ್ಲಿ ಅಮೆರಿಕದ ಮೆರಿಲ್ ಚೇಸ್ ಒಂದು ಗಿನಿಯಿಲಿಯ ಈ ಗುರುತಿನ ಶಕ್ತಿಯನ್ನು ಮತ್ತೊಂದಕ್ಕೆ ಬಿಳಿಯ ರಕ್ತಕಣಗಳ ಮೂಲಕ ದಾಟಿಸಬಹುದೆಂದು ತೋರಿಸಿದನು; ರಕ್ತದ ತಿಳಿಯಿಂದ ಅದು ಸಾಧ್ಯವಾಗಲಿಲ್ಲ. ೧೯೬೦ರ ದಶಕದಲ್ಲಿ, ಎದೆಗೂಡಿನಲ್ಲಿರುವ ಥೈಮಸ್ ಎಂಬ ಗ್ರಂಥಿಯಲ್ಲಿ ಪಳಗಿ ಹೊರಬರುವ ಕಣಗಳೇ ಈ ಕೆಲಸವನ್ನು ಮಾಡುತ್ತವೆಂದು ಗೊತ್ತಾಯಿತು. ಆ ಗ್ರಂಥಿಯ ಹೆಸರಿನ ಮೊದಲ ಅಕ್ಷರದಿಂದ ಅವುಗಳನ್ನು ಟಿ ಕಣಗಳೆಂದು ಕರೆದರು. ಟಿ ಕಣವು ರೋಗಾಣುವನ್ನು ನೇರವಾಗಿ ನೋಡುವುದಿಲ್ಲ. ದೇಹದ ಬೇರೆ ಕಣಗಳು ರೋಗಾಣುವನ್ನು ನುಂಗಿ, ಅರೆದು, ಅದರ ಪ್ರೋಟೀನಿನ ಒಂದು ಚೂರನ್ನು ತಮ್ಮ ಹೊರಮೈಯ ಮೇಲೆ, ಬಟ್ಟಲಿನಲ್ಲಿಟ್ಟಂತೆ ಎತ್ತಿ ಹಿಡಿಯುತ್ತವೆ. ಆ ಚೂರನ್ನು ಮುಟ್ಟಿ ಟಿ ಕಣವು ಶತ್ರುವನ್ನು ಅರಿಯುತ್ತದೆ. ಮಾಂಟೂ ಪರೀಕ್ಷೆಯ ಊತಕ್ಕೆ ಕಾರಣ ಹೀಗೆ ಪ್ರೋಟೀನುಗಳನ್ನು ಗುರುತಿಸಿದ ಕಣಗಳು.

ಪ್ರೋಟೀನನ್ನಲ್ಲದೆ ಬೇರೆಯದನ್ನು ಟಿ ಕಣಗಳು ಗುರುತಿಸಲಾರವೆಂದು ವಿಜ್ಞಾನಿಗಳು ಬಹುಕಾಲ ನಂಬಿದ್ದರು. ಕ್ಷಯಾಣುವಿನ ಮೇಣದ ಕವಚವು ಬಣ್ಣವನ್ನು ತಡೆಯಿತು, ಔಷಧವನ್ನು ತಡೆಯಿತು. ಟಿ ಕಣದ ದೃಷ್ಟಿಯನ್ನೂ ತಡೆಯುವುದೆಂದು ತೋರುವುದು ಸಹಜವೇ. ೧೯೯೪ರಲ್ಲಿ ಈ ನಂಬಿಕೆಯು ಮುರಿಯಿತು. ಅಮೆರಿಕದ ಬಾಸ್ಟನ್ ನಗರದಲ್ಲಿ ಮೈಕೆಲ್ ಬ್ರೆನ್ನರ್ ಅವರೂ ಸಂಗಡಿಗರೂ ಕ್ಷಯಾಣುವಿಗೆ ಪ್ರತಿಕ್ರಿಯಿಸುವ ಕೆಲವು ಮಾನವ ಟಿ ಕಣಗಳನ್ನು ಪರೀಕ್ಷಿಸುತ್ತಿದ್ದರು. ಆ ಕಣಗಳು ಗುರುತಿಸುತ್ತಿದ್ದುದು ಪ್ರೋಟೀನನ್ನಲ್ಲ, ಮೈಕೋಲಿಕ್ ಆಮ್ಲವನ್ನು; ಎರ್ಲಿಖನ ಬಣ್ಣವನ್ನು ಬಿಟ್ಟುಕೊಡದ ಅದೇ ಮೇಣವನ್ನು!

ಅದು ಸಾಧ್ಯವಾಗುವ ಬಗೆಯೂ ಈಗ ತಿಳಿದಿದೆ. ನಮ್ಮ ಕೆಲವು ಕಣಗಳ ಮೇಲೆ ಸಿಡಿ-೧ ಎಂಬ ಗುಂಪಿಗೆ ಸೇರಿದ ಪ್ರೋಟೀನುಗಳಿವೆ. ಪ್ರೋಟೀನಿನ ಚೂರನ್ನು ಹಿಡಿಯುವ ಬಟ್ಟಲು ತೆರೆದಿರುತ್ತದೆ. ಸಿಡಿ-೧ರ ಬಟ್ಟಲು ಆಳವಾದುದು. ಅದರ ಒಳಗೋಡೆಗಳು ನೀರನ್ನು ಒಲ್ಲದೆ ಕೊಬ್ಬನ್ನು ಒಲಿಯುವಂಥವು. ಮೇಣದ ಅಣುವಿನ ಉದ್ದವಾದ ಬಾಲಗಳು ಬಿಲದೊಳಗೆ ಸೇರಿಕೊಂಡ ಹಾವಿನಂತೆ ಅದರಲ್ಲಿ ಅಡಗುತ್ತವೆ. ತಲೆಯ ಚಿಕ್ಕ ಭಾಗವು ಮಾತ್ರ ಹೊರಗೆ ಉಳಿಯುತ್ತದೆ. ಟಿ ಕಣವು ಆ ತಲೆಯನ್ನು ಮುಟ್ಟಿ ನೋಡಿ ಗುರುತಿಸುತ್ತದೆ. ತಲೆಯ ರಚನೆಯಲ್ಲಿ ಕೊಂಚ ವ್ಯತ್ಯಾಸವಾದರೂ ಗುರುತು ತಪ್ಪುವುದುಂಟು.

ಇದರಲ್ಲಿ ಎರಡು ವಿಶೇಷಗಳಿವೆ. ಪ್ರೋಟೀನಿನ ಚೂರನ್ನು ಹಿಡಿಯುವ ಬಟ್ಟಲುಗಳು ಮನುಷ್ಯರಿಂದ ಮನುಷ್ಯರಿಗೆ ಬಹಳವಾಗಿ ಬೇರೆಯಾಗುತ್ತವೆ. ಒಬ್ಬರ ಅಂಗವು ಇನ್ನೊಬ್ಬರಿಗೆ ಸುಲಭವಾಗಿ ಒಗ್ಗದಿರುವುದು ಅದರಿಂದಲೇ. ಸಿಡಿ-೧ ಆದರೋ ಬಹುಮಟ್ಟಿಗೆ ಎಲ್ಲರಲ್ಲಿಯೂ ಒಂದೇ ಬಗೆ. ಎರಡನೆಯದಾಗಿ, ಮೇಣದ ಕವಚವಿಲ್ಲದೆ ಕ್ಷಯಾಣುವು ಬಾಳಲಾರದಾದ್ದರಿಂದ, ಅದನ್ನು ಕಳಚಿಟ್ಟು ಮರೆಯಾಗುವುದು ಅದಕ್ಕೆ ಸುಲಭವಲ್ಲ. ೧೯೨೧ರಿಂದ ಕೊಡಲಾಗುತ್ತಿರುವ ಬಿ.ಸಿ.ಜಿ. ಲಸಿಕೆಯು ಎಳೆಯ ಮಕ್ಕಳನ್ನು ತೀವ್ರವಾದ ಕ್ಷಯದಿಂದ ಕಾಪಾಡುತ್ತದೆ. ದೊಡ್ಡವರ ಶ್ವಾಸಕೋಶದ ಕ್ಷಯವನ್ನು ನೆಚ್ಚುವಂತೆ ತಡೆಯಲಾರದು. ಆದುದರಿಂದ ಈ ಮೇಣವನ್ನೇ ಬಳಸಿ ಎಲ್ಲರಿಗೂ ಒಪ್ಪುವ ಲಸಿಕೆಯನ್ನು ಮಾಡಬಹುದೇ ಎಂದು ವಿಜ್ಞಾನಿಗಳು ಪರೀಕ್ಷಿಸುತ್ತಿದ್ದಾರೆ. ಟ್ಯೂಬರ್ಕುಲಿನ್ನಿನ ಕಥೆಯನ್ನು ಬಲ್ಲವರು ಆತುರಪಡುವುದಿಲ್ಲ.

ಸೋಲಿನ ಬಳಿಕ ಕಾಖನು ಮೂಲೆಗುಂಪಾಗಲಿಲ್ಲ. ೧೮೯೧ರಲ್ಲಿ ಬರ್ಲಿನ್ನಿನಲ್ಲಿ ಅವನಿಗಾಗಿ ಸೋಂಕುರೋಗಗಳ ಸಂಸ್ಥೆಯೊಂದು ಸ್ಥಾಪಿತವಾಯಿತು. ಇಂದು ಅದು ಅವನ ಹೆಸರಿನಲ್ಲಿಯೇ ನಡೆಯುತ್ತಿದೆ. ದಕ್ಷಿಣ ಆಫ್ರಿಕದಲ್ಲಿ ದನಗಳ ದೊಡ್ಡರೋಗವನ್ನೂ, ೧೮೯೭ರಲ್ಲಿ ಮುಂಬಯಿಯಲ್ಲಿ ಪ್ಲೇಗನ್ನೂ, ಪೂರ್ವ ಆಫ್ರಿಕದಲ್ಲಿ ನಿದ್ರಾರೋಗವನ್ನೂ ಅವನು ಅಭ್ಯಾಸಮಾಡಿದನು. ಕ್ಷಯವನ್ನು ಕುರಿತ ಸಂಶೋಧನೆಗಾಗಿ ೧೯೦೫ರಲ್ಲಿ ನೊಬೆಲ್ ಪಾರಿತೋಷಕವು ಅವನಿಗೆ ಸಂದಿತು. ೧೯೧೦ನೆಯ ಇಸವಿ ಮೇ ೨೭ರಂದು ಬಾಡೆನ್-ಬಾಡೆನ್ ಎಂಬಲ್ಲಿ ಹೃದಯಾಘಾತದಿಂದ ಅವನು ತೀರಿಕೊಂಡನು. ಅವನ ಚಿತಾಭಸ್ಮವನ್ನು ಅವನ ಸಂಸ್ಥೆಯಲ್ಲಿಯೇ ಇರಿಸಲಾಗಿದೆ.

ಕ್ಷಯಕ್ಕೆ ಮದ್ದು ದೊರೆತದ್ದು ೧೯೪೦ರ ದಶಕದಲ್ಲಿ, ಸ್ಟ್ರೆಪ್ಟೋಮೈಸಿನ್ ಬಂದ ಮೇಲೆ. ಆದರೆ ಮದ್ದು ಕೊಡಬೇಕಾದರೆ ಮೊದಲು ರೋಗಿಯನ್ನು ಗುರುತಿಸಬೇಕಷ್ಟೆ. ೧೯೫೯ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು, ಸಾಮಾನ್ಯ ಆಸ್ಪತ್ರೆಗಳಲ್ಲಿಯೇ ಕಫಕ್ಕೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗವನ್ನು ಪತ್ತೆಹಚ್ಚುವ ಕ್ರಮವನ್ನು ನಮ್ಮ ದೇಶಕ್ಕೆ ಹೊಂದಿಸಿಕೊಟ್ಟಿತು. ಬಣ್ಣವನ್ನು ಬಿಟ್ಟುಕೊಡದ ಮೇಣದ ಹಟವೇ ಹೀಗೆ ಲಕ್ಷಾಂತರ ರೋಗಿಗಳ ಉಪಕಾರಕ್ಕೆ ಬಂದಿತು. ಹಾಗಿದ್ದರೂ ಕ್ಷಯವು ಅಳಿದಿಲ್ಲ. ೨೦೨೩ರಲ್ಲಿ ಜಗತ್ತಿನಲ್ಲಿ ಹನ್ನೆರಡು ಲಕ್ಷಕ್ಕೂ ಹೆಚ್ಚು ಜನ ಅದಕ್ಕೆ ಬಲಿಯಾದರು. ಆ ವರ್ಷದ ರೋಗಿಗಳಲ್ಲಿ ಕಾಲುಭಾಗದಷ್ಟು ಮಂದಿ ನಮ್ಮ ದೇಶದವರು. ಕಾಖನು ಬರ್ಲಿನ್ನಿನ ಸಭೆಯಲ್ಲಿ ಮಾತನಾಡಿದ ಮಾರ್ಚ್ ೨೪ನ್ನು ವಿಶ್ವ ಕ್ಷಯರೋಗ ದಿನವೆಂದು ಪ್ರತಿವರ್ಷವೂ ಆಚರಿಸುತ್ತಾರೆ. ಕಾಣದ ಶತ್ರುವನ್ನು ಕಾಣಿಸಿಕೊಟ್ಟವನನ್ನು ಅಂದು ನೆನೆಯುವಾಗ, ಅವನ ಮದ್ದನ್ನು ನಂಬಿ ಬರ್ಲಿನ್ನಿಗೆ ಬಂದ ಆ ಹೆಸರಿಲ್ಲದ ರೋಗಿಗಳನ್ನೂ ನೆನೆಯುವುದು ನ್ಯಾಯ.